ಅಲೈನ್ಮೆಂಟ್ ಸರಿ ಇದ್ದರೂ ಗಾಡಿ ಎಳೆಯುತ್ತಿದೆಯಾ? ಹಳೆ ಕಾರಿನಲ್ಲಿ ದೋಷ ಹುಡುಕುವ ಬಗೆ

ಮೂರು ವರ್ಷದ ಹಿಂದೆ ನಾನೊಂದು ಹಳೆ ಹ್ಯಾಚ್‌ಬ್ಯಾಕ್ ಕೊಂಡೆ. 84,000 ಕಿಲೋಮೀಟರ್ ಓಡಿದ ಗಾಡಿ. ಎಂಜಿನ್ ಚೆನ್ನಾಗಿತ್ತು, ಬಾಡಿಯಲ್ಲಿ ಎಲ್ಲೂ ತುಕ್ಕು ಇರಲಿಲ್ಲ. ಹಾಸನದೊಳಗಿನ ನುಣ್ಣನೆ ರಸ್ತೆಯಲ್ಲಿ ಓಡಿಸಿ ನೋಡಿದೆ, ಏನೂ ಗೊತ್ತಾಗಲಿಲ್ಲ. ಕೊಂಡ ಎರಡನೇ ದಿನ ಬೇಲೂರಿನ ಕಡೆ ಹೊರಟೆವು. ತೇಪೆ ಹಾಕಿದ ಡಾಂಬರು ಶುರುವಾಯಿತು ನೋಡಿ, ಗಾಡಿಯ ಸ್ವಭಾವವೇ ಬದಲಾಯಿತು. ಎಡಗಡೆ ಚಕ್ರ ಒಂದು ತೇಪೆ ಹತ್ತಿದರೆ ಸ್ಟೀರಿಂಗ್ ಎಡಕ್ಕೆ ಸೆಳೆಯುತ್ತಿತ್ತು, ಇಳಿದರೆ ಬಲಕ್ಕೆ. ಲಾರಿಗಳು ಒತ್ತಿ ಒತ್ತಿ ಮಾಡಿದ ಉದ್ದನೆಯ ತಗ್ಗಿಗೆ ಚಕ್ರ ಇಳಿದರಂತೂ ಗಾಡಿ ಹೇಳಿದ ಮಾತು ಕೇಳುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ ಮಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು. ಬೇಲೂರು ಮುಟ್ಟುವಷ್ಟರಲ್ಲಿ ನನ್ನ ಭುಜ ಎರಡೂ ನೋಯುತ್ತಿದ್ದವು.

ಆಮೇಲಿನ ಎರಡು ತಿಂಗಳಲ್ಲಿ ಮೂರು ಸಲ ವೀಲ್ ಅಲೈನ್ಮೆಂಟ್, ಅಂದರೆ ಚಕ್ರಗಳ ಕೋನ ಅಳೆದು ಹೊಂದಿಸುವ ಕೆಲಸ, ಮಾಡಿಸಿದೆ. ಮೂರು ಸಲವೂ ಪರದೆಯ ಮೇಲೆ ಎಲ್ಲ ಅಂಕಿಗಳೂ ಹಸಿರು. ಗಾಡಿ ಮಾತ್ರ ಹಾಗೇ ಇತ್ತು. ಕೊನೆಗೆ ಸಿಕ್ಕಿದ್ದು ಹರಿದುಹೋದ ಒಂದು ರಬ್ಬರ್ ಬುಷ್ (ಕಬ್ಬಿಣದ ಭಾಗಗಳು ಸೇರುವ ಕಡೆ ಕೂರುವ ರಬ್ಬರಿನ ಮೆತ್ತೆ), ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು.

ಅಲೈನ್ಮೆಂಟ್ ಯಂತ್ರ ಅಳೆಯುವುದು ನಿಂತ ಗಾಡಿಯನ್ನು. ನಿಂತಾಗ ನೆಟ್ಟಗೆ ಕೂತಿರುವ ಚಕ್ರ, ಗುಂಡಿಯ ಏಟು ಬಿದ್ದಾಗ ಎಲ್ಲಿಗೆ ಸರಿಯುತ್ತದೆ ಅಂತ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಮೊದಲು ಸಡಿಲ ಎಲ್ಲಿದೆ ಅಂತ ಹುಡುಕಬೇಕು. ಅಲೈನ್ಮೆಂಟ್ ಕಟ್ಟಕಡೆಯ ಕೆಲಸ. ಕೆಳಗೆ ಬರೆದಿರುವುದೆಲ್ಲ ಅದೇ ಕ್ರಮದಲ್ಲಿದೆ. ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದಿನ ಚಕ್ರದ ಬಲದಿಂದ ಓಡುವಂಥವು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರಗಳನ್ನು ಜೋಡಿಸುವ ಅಡ್ಡ ತೊಲೆ). ನಾನು ಹೇಳುವುದು ಅಂಥ ಗಾಡಿಗಳ ಬಗ್ಗೆ.

ಎಳೆತವೇ ಬೇರೆ, ಓಲಾಟವೇ ಬೇರೆ

ಗ್ಯಾರೇಜಿಗೆ ಹೋಗಿ "ಗಾಡಿ ಎಳೀತಿದೆ" ಅಂತ ಒಂದೇ ಮಾತು ಹೇಳಿದರೆ ಸಾಲದು. ನಾನು ಮಾಡಿದ ಮೊದಲ ತಪ್ಪು ಅದೇ. ಗಾಡಿ ಯಾವಾಗಲೂ ಒಂದೇ ಕಡೆಗೆ ಹೋಗುತ್ತಿದ್ದರೆ ಅದು ಎಳೆತ. ಯಾವ ಕಡೆಗೂ ನಿಲ್ಲದೆ, ನೀವು ಸಣ್ಣಸಣ್ಣದಾಗಿ ತಿದ್ದುತ್ತಲೇ ಇರಬೇಕಾದರೆ ಅದು ಓಲಾಟ. ಸಮ ರಸ್ತೆಯಲ್ಲಿ ಸುಮ್ನೆ ಹೋಗಿ, ಉಬ್ಬುತಗ್ಗು ಬಂದಾಗ ಮಾತ್ರ ಪಕ್ಕಕ್ಕೆ ಹಾರಿದರೆ ಅದು ಮೂರನೆಯದು. ಎಳೆತ ಇದ್ದರೆ ಟೈರು, ಬ್ರೇಕು, ಎಡ ಬಲದ ಕೋನದ ವ್ಯತ್ಯಾಸ ನೋಡಬೇಕು. ಓಲಾಟ ಇದ್ದರೆ ಸಡಿಲವಾದ ಜಾಯಿಂಟು ಇಲ್ಲವೇ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ). ಉಬ್ಬಿನಲ್ಲಿ ಮಾತ್ರ ಹಾರುತ್ತಿದ್ದರೆ ಬುಷ್, ಶಾಕ್, ಸ್ಪ್ರಿಂಗ್, ಹಿಂದಿನ ಬೀಮ್. ಹಳೆ ಗಾಡಿಯಲ್ಲಿ ಎರಡು ಮೂರು ಒಟ್ಟಿಗೇ ಇರುವುದು ಜಾಸ್ತಿ. ಆದರೂ ಯಾವುದು ಮುಂದೆ ನಿಂತಿದೆ ಅಂತ ಗುರುತಿಸಿಕೊಂಡರೆ ಅರ್ಧ ದಾರಿ ಸಾಗಿದ ಹಾಗೆ.

ಪರೀಕ್ಷೆ ಮಾಡುವ ರಸ್ತೆಯೂ ಮುಖ್ಯ. ಮಳೆ ನೀರು ಹರಿದುಹೋಗಲಿ ಅಂತ ನಮ್ಮ ಡಾಂಬರು ರಸ್ತೆಗಳ ನಡುವೆ ಉಬ್ಬಿಸಿ, ಅಂಚಿಗೆ ಇಳಿಜಾರು ಕೊಟ್ಟಿರುತ್ತಾರೆ. ಒಂದು ಮೀಟರ್ ಅಗಲಕ್ಕೆ ಸುಮಾರು 2 ರಿಂದ 2.5 ಸೆಂಟಿಮೀಟರ್ ಇಳಿಜಾರು. ನಾವು ಎಡಗಡೆ ಓಡಿಸುವವರು. ಹಾಗಾಗಿ ಆರೋಗ್ಯವಾಗಿರುವ ಗಾಡಿಯೂ ಮೆಲ್ಲಗೆ ಎಡಕ್ಕೆ ಸರಿಯುತ್ತದೆ. ಇದು ದೋಷವಲ್ಲ. ಬೆಳಿಗ್ಗೆ ಜನ ಓಡಾಡದ ಹೊತ್ತಿನಲ್ಲಿ, ಹೊಸ ಲೇಔಟಿನ ಸಮತಟ್ಟಾದ ರಸ್ತೆ ಹುಡುಕಿ. ಅದೇ ರಸ್ತೆಯಲ್ಲಿ ಹೋಗಿ, ತಿರುಗಿ ಬನ್ನಿ. ಎರಡು ದಿಕ್ಕಿನಲ್ಲೂ ಒಂದೇ ಕಡೆಗೆ ಎಳೆದರೆ ಗಾಡಿಯಲ್ಲೇ ದೋಷವಿದೆ. ದಿಕ್ಕು ಬದಲಾದಾಗ ಎಳೆತವೂ ಬದಲಾದರೆ ಅದು ರಸ್ತೆಯದು ಇಲ್ಲವೇ ಗಾಳಿಯದು. 40 ಕಿಲೋಮೀಟರ್ ವೇಗ ಸಾಕು. ಸ್ಟೀರಿಂಗ್ ಪೂರ್ತಿ ಬಿಡಬೇಡಿ, ಬೆರಳು ಸಡಿಲ ಮಾಡಿದರೆ ಸಾಕು.

ಟೈರಿನಿಂದ ಶುರು ಮಾಡಿ

ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಗಾಳಿಯ ಒತ್ತಡದ ಸ್ಟಿಕ್ಕರ್ ಇರುತ್ತದೆ. ಗಾಡಿ ತಣ್ಣಗಿರುವಾಗ, ಒಂದೇ ಗೇಜಿನಿಂದ ನಾಲ್ಕೂ ಚಕ್ರ ನೋಡಿ. ನನ್ನ ಗಾಡಿಯಲ್ಲಿ ಮುಂದಿನ ಎಡಗಡೆ 26 ಪಿಎಸ್‌ಐ, ಬಲಗಡೆ 33. ಗಾಳಿ ಕಡಿಮೆ ಇರುವ ಕಡೆಗೆ ಗಾಡಿ ಎಳೆಯುತ್ತದೆ. ಎಲ್ಲ ಕಡೆ ಜಾಸ್ತಿ ಗಾಳಿ ತುಂಬಿದ್ದರೂ ತೊಂದರೆ: ಟೈರು ಕಲ್ಲಿನ ಹಾಗಾಗಿ ಪ್ರತಿ ಉಬ್ಬಿಗೂ ಪುಟಿಯುತ್ತದೆ.

ಆಮೇಲೆ ಟೈರಿನ ಪಕ್ಕದ ಗೋಡೆ ಓದಿ. ನಾಲ್ಕು ಅಂಕಿಯ ಒಂದು ಚೌಕಟ್ಟು ಇರುತ್ತದೆ. 2318 ಅಂತ ಇದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಹಳೆ ಕಾರು ಮಾರುವವರು ನಾಲ್ಕು ಟೈರಿಗೂ ಕಪ್ಪು ಪಾಲಿಶ್ ಹಚ್ಚಿ ಮಿಂಚಿಸಿರುತ್ತಾರೆ, ಈ ಅಂಕಿ ಮಾತ್ರ ಸುಳ್ಳು ಹೇಳುವುದಿಲ್ಲ. ಮುಂದಿನ ಎರಡೂ ಟೈರು ಒಂದೇ ಕಂಪನಿ, ಒಂದೇ ಮಾದರಿ, ಸವೆತವೂ ಹೆಚ್ಚುಕಮ್ಮಿ ಒಂದೇ ಇರಬೇಕು. ಸವೆತದ ಗುರುತಿನ ಪಟ್ಟಿ 1.6 ಮಿಲಿಮೀಟರಿಗೆ ಇರುತ್ತದೆ. ಪಟ್ಟಿಯ ಮಟ್ಟಕ್ಕೆ ಬಂದಿದ್ದರೆ ಬೇರೆ ಏನೂ ಹುಡುಕಬೇಡಿ, ಮೊದಲು ಟೈರು ಬದಲಿಸಿ.

ಈಗ ಅಂಗೈಯನ್ನು ಟೈರಿನ ಮೇಲ್ಮೈಯಲ್ಲಿ ಅಡ್ಡಡ್ಡ ಎಳೆದು ನೋಡಿ. ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ. ಒಂದು ದಿಕ್ಕಿನಲ್ಲಿ ನುಣುಪಾಗಿ ಜಾರಿ, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನ ಹಾಗೆ ಕೈಗೆ ತಗುಲಿದರೆ ಟೋ ಕೆಟ್ಟು ಬಹಳ ದಿನವಾಗಿದೆ ಅಂತ ಅರ್ಥ. ಒಳಗಿನ ಅಂಚು ಮಾತ್ರ ಸವೆದಿದ್ದರೆ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಮತ್ತು ಟೋ ಎರಡನ್ನೂ ಅನುಮಾನಿಸಬೇಕು. ಸುತ್ತಲೂ ಅಲ್ಲಲ್ಲಿ ತಟ್ಟೆಯ ಹಾಗೆ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿರಬಹುದು. ಸ್ಟೀರಿಂಗ್ ಪೂರ್ತಿ ತಿರುಗಿಸಿಟ್ಟರೆ ಒಳಅಂಚಿನವರೆಗೂ ಕೈ ಹೋಗುತ್ತದೆ. ನೆಟ್ಟಗೆ ನಿಂತ ಚಕ್ರದ ಹೊರಭಾಗ ಮಾತ್ರ ನೋಡಿ ಮೋಸ ಹೋಗಬೇಡಿ.

ಟೈರಿನ ಒಳಗೇ ಎಳೆತ ಹುಟ್ಟುವುದುಂಟು. ಒಳಪದರಗಳು ಸ್ವಲ್ಪ ವಾರೆಯಾಗಿ ಕೂತಿದ್ದರೆ ಟೈರು ಕೊಳವೆಯಂತೆ ಉರುಳದೆ, ಮಲಗಿಸಿದ ಲೋಟದ ಹಾಗೆ ಒಂದು ಕಡೆಗೆ ಸುತ್ತುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಇದಕ್ಕೆ ಒಂದೇ ಪರೀಕ್ಷೆ: ಮುಂದಿನ ಎಡ ಬಲದ ಚಕ್ರಗಳನ್ನು ಅದಲುಬದಲು ಮಾಡಿ ಅದೇ ರಸ್ತೆಯಲ್ಲಿ ಓಡಿಸಿ. ಎಳೆತ ದಿಕ್ಕು ಬದಲಿಸಿದರೆ ದೋಷ ಟೈರಿನದು. ಬದಲಾಗದಿದ್ದರೆ ಟೈರನ್ನು ಬಿಟ್ಟು ಮುಂದೆ ಹೋಗಿ. ಪಂಕ್ಚರ್ ಅಂಗಡಿಯಲ್ಲಿ ಹದಿನೈದು ನಿಮಿಷದ ಕೆಲಸ ಇದು. ಸಾವಿರಾರು ರೂಪಾಯಿ ಉಳಿಸುತ್ತದೆ. ಟೈರಿನ ಮೇಲೆ ಬಾಣದ ಗುರುತು ಇದ್ದರೆ ಮಾತ್ರ ಹೀಗೆ ಮಾಡಬೇಡಿ. ಮುಂದಿನದನ್ನು ಅದೇ ಪಕ್ಕದ ಹಿಂದಿನದರ ಜೊತೆ ಬದಲಿಸಿ ನೋಡಿ.

ಚೆಂದಕ್ಕೆ ಅಂತ ಅಗಲವಾದ ಟೈರು ಹಾಕಿಸಿದ ಗಾಡಿಗಳು ಲಾರಿ ತಗ್ಗಿನಲ್ಲಿ ಇನ್ನೂ ಜಾಸ್ತಿ ಎಳೆಯುತ್ತವೆ. ಟೈರಿನ ಅಗಲ ಅಂಚು ತಗ್ಗಿನ ಗೋಡೆಯನ್ನು ಹಿಡಿದುಕೊಂಡು ಹತ್ತಲು ನೋಡುತ್ತದೆ. ಹಿಂದಿನ ಮಾಲೀಕರು ಇಂಥ ಟೈರು ಹಾಕಿಸಿದ್ದರೆ ಮೂಲ ಅಳತೆಗೆ ಹಿಂತಿರುಗಿ. ಬಹಳ ಗಾಡಿಗಳಲ್ಲಿ ತೊಂದರೆಯ ದೊಡ್ಡ ಪಾಲು ಅಲ್ಲಿಗೇ ಮುಗಿಯುತ್ತದೆ.

ಆಕ್ಸಿಲರೇಟರು ಮತ್ತು ಬ್ರೇಕು ಹೇಳುವುದು

ಖಾಲಿ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ, ಬಿಡಿ. ಮತ್ತೆ ಒತ್ತಿ, ಬಿಡಿ. ಒತ್ತಿದಾಗ ಒಂದು ಕಡೆಗೆ, ಬಿಟ್ಟಾಗ ಇನ್ನೊಂದು ಕಡೆಗೆ ಮೂಗು ತಿರುಗಿದರೆ ಚಕ್ರ ಹಿಂದೆ ಮುಂದೆ ಸರಿಯುತ್ತಿದೆ. ಎಳೆಯುವ ಬಲ ಚಕ್ರವನ್ನು ಮುಂದಕ್ಕೆ ತಳ್ಳುತ್ತದೆ, ಬ್ರೇಕು ಹಿಂದಕ್ಕೆ. ಅದನ್ನು ತಡೆದು ಹಿಡಿಯುವುದು ಲೋವರ್ ಆರ್ಮಿನ (ಚಕ್ರವನ್ನು ಕೆಳಗಡೆ ಗಾಡಿಗೆ ಜೋಡಿಸುವ ಕಬ್ಬಿಣದ ತೋಳಿನ) ಬುಷ್. ಬುಷ್ ಹರಿದಿದ್ದರೆ ಆ ಕಡೆಯ ಚಕ್ರದ ಟೋ ಮತ್ತು ಕ್ಯಾಸ್ಟರ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ, ಪಕ್ಕದಿಂದ ನೋಡಿದರೆ ವಾಲಿರುವ ಕೋನ) ಪ್ರತಿ ಒತ್ತಿಗೂ ಬದಲಾಗುತ್ತವೆ. ಈ ಒಂದು ಲಕ್ಷಣ ನನಗೆ ಮೊದಲೇ ಗೊತ್ತಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಕ್ಯಾಲಿಪರ್ (ಬ್ರೇಕಿನ ಡಿಸ್ಕನ್ನು ಎರಡೂ ಕಡೆಯಿಂದ ಅದುಮುವ ಭಾಗ) ನೋಡಿ. ಕ್ಯಾಲಿಪರಿನ ಜಾರುವ ಪಿನ್ ಒಣಗಿ ಹಿಡಿದುಕೊಂಡರೆ ಆ ಕಡೆ ಬ್ರೇಕು ಕಡಿಮೆ ಹಿಡಿಯುತ್ತದೆ, ಗಾಡಿ ಇನ್ನೊಂದು ಕಡೆಗೆ ತಿರುಗುತ್ತದೆ. ಬಿಟ್ಟ ಮೇಲೂ ಬ್ರೇಕು ಕಚ್ಚಿಕೊಂಡೇ ಇದ್ದರೆ ಅದೇ ಕಡೆಗೆ ಎಳೆಯುತ್ತಲೇ ಇರುತ್ತದೆ. ಹತ್ತು ಕಿಲೋಮೀಟರ್ ಓಡಿಸಿ, ಬ್ರೇಕು ಜಾಸ್ತಿ ಬಳಸದೆ ನಿಲ್ಲಿಸಿ, ಎರಡೂ ಚಕ್ರದ ರಿಮ್ಮಿನ ಹತ್ತಿರ ಕೈಯ ಹಿಂಭಾಗ ಹಿಡಿದು ನೋಡಿ. ಒಂದು ಕಡೆ ಕಾವು ಎದ್ದು ಹೊಡೆದರೆ ಬ್ರೇಕು ಕಚ್ಚುತ್ತಿದೆ. ಡಿಸ್ಕನ್ನು ಮಾತ್ರ ಮುಟ್ಟಬೇಡಿ, ಚರ್ಮ ಸುಟ್ಟುಹೋಗುತ್ತದೆ.

ನೆಲದ ಮೇಲೇ ಮಾಡುವ ಪರೀಕ್ಷೆ

ನನಗೆ ಬಹಳ ಉಪಯೋಗಕ್ಕೆ ಬಂದದ್ದು ಇದು. ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಿರಲಿ. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕು ಹಾಕಿ. ಒಬ್ಬರು ಒಳಗೆ ಕೂತು ಸ್ಟೀರಿಂಗನ್ನು ಎಡಕ್ಕೆ ಎರಡು ಬೆರಳು, ಬಲಕ್ಕೆ ಎರಡು ಬೆರಳು ಅಂತ ಬೇಗಬೇಗ ಆಡಿಸಲಿ. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಇರಬೇಕು. ನೀವು ಚಕ್ರದ ಹಿಂದೆ ಕೈ ಇಟ್ಟು ಟೈ ರಾಡ್ ಎಂಡ್ (ಸ್ಟೀರಿಂಗಿನಿಂದ ಬಂದು ಚಕ್ರವನ್ನು ತಿರುಗಿಸುವ ರಾಡಿನ ತುದಿಯ ಜಾಯಿಂಟು) ಹಿಡಿದುಕೊಳ್ಳಿ. ರಾಡು ಮೊದಲು ಚಲಿಸಿ, ಚಕ್ರ ಆಮೇಲೆ ಚಲಿಸಿದರೆ ಆ ಜಾಯಿಂಟಿನಲ್ಲಿ ಸವೆತ ಇದೆ. ಕಣ್ಣಿಗೆ ಕಾಣದ ಆಟವೂ ಬೆರಳಿಗೆ "ಟಕ್" ಅಂತ ತಿಳಿಯುತ್ತದೆ. ರ‍್ಯಾಕಿನ (ಟೈ ರಾಡುಗಳನ್ನು ಎಡ ಬಲಕ್ಕೆ ತಳ್ಳುವ ಹಲ್ಲಿನ ರಾಡಿನ) ಮಡಿಕೆ ಮಡಿಕೆಯ ರಬ್ಬರ್ ಚೀಲವನ್ನು ಮೆಲ್ಲಗೆ ಹಿಂಡಿ ಹಿಡಿದರೆ ಒಳಗಿನ ರ‍್ಯಾಕ್ ಎಂಡ್ ಸಿಗುತ್ತದೆ. ಅಲ್ಲೂ ಇದೇ ಟಕ್ ಇದೆಯಾ ನೋಡಿ. ಹಾಗೆಯೇ ರ‍್ಯಾಕನ್ನು ಬಾಡಿಗೆ ಹಿಡಿದಿರುವ ಕ್ಲ್ಯಾಂಪು ಮತ್ತು ಅದರ ರಬ್ಬರು. ಪೂರಾ ರ‍್ಯಾಕೇ ಪಕ್ಕಕ್ಕೆ ಜರುಗುತ್ತಿದ್ದರೆ ಓಲಾಟಕ್ಕೆ ಬೇರೆ ಕಾರಣ ಬೇಡ.

ಇದಾದ ಮೇಲೆ ಬಾನೆಟ್ ತೆರೆದು ಸ್ಟ್ರಟ್ಟಿನ ಮೇಲ್ತುದಿಯ ಮೌಂಟ್ ಮೇಲೆ ಅಂಗೈ ಇಡಿ. ಒಳಗಿರುವವರು ಸ್ಟೀರಿಂಗನ್ನು ನಿಧಾನವಾಗಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಲಿ. ಮೌಂಟಿನೊಳಗಿನ ಬೇರಿಂಗ್ ಹಿಡಿದುಕೊಂಡಿದ್ದರೆ ಸ್ಪ್ರಿಂಗು ಸುತ್ತಿಕೊಂಡು, ಒಮ್ಮೆಲೇ "ಟಂಗ್" ಅಂತ ಬಿಡುತ್ತದೆ. ಓಡಿಸುವಾಗ ಇದರ ಗುರುತು ಬೇರೆಯೇ: ಬಲಕ್ಕೆ ತಿರುಗಿ ಬಂದ ಮೇಲೆ ಗಾಡಿ ಬಲಕ್ಕೇ ಎಳೆಯುತ್ತದೆ, ಎಡಕ್ಕೆ ತಿರುಗಿ ಬಂದರೆ ಎಡಕ್ಕೆ. ಕೊನೆಯ ತಿರುವನ್ನು ನೆನಪಿಟ್ಟುಕೊಂಡ ಹಾಗೆ. ಸ್ಟೀರಿಂಗ್ ತಾನಾಗಿ ನಡುವಿಗೆ ಬರುವುದಿಲ್ಲ. ಸ್ಟೀರಿಂಗ್ ಕಂಬದ ಕೆಳಗಿನ ಕ್ರಾಸ್ ಜಾಯಿಂಟ್ ತುಕ್ಕು ಹಿಡಿದು ಬಿಗಿಯಾದರೂ ಹೀಗೇ ಆಗುತ್ತದೆ.

ಜ್ಯಾಕ್ ಹಾಕಿದ ಮೇಲೆ

ಬರೀ ಜ್ಯಾಕನ್ನು ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಇಡಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಭಾಗವನ್ನು ಗ್ಯಾರೇಜಿನ ರ‍್ಯಾಂಪ್ ಮೇಲೇ ಮಾಡಿಸಿ. ಇದನ್ನು ಕೈಮುಗಿದು ಕೇಳುತ್ತೇನೆ.

ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ವೀಲ್ ಬೇರಿಂಗ್ ಇಲ್ಲವೇ ಬಾಲ್ ಜಾಯಿಂಟ್ (ಲೋವರ್ ಆರ್ಮಿನ ತುದಿಯನ್ನು ಚಕ್ರದ ಕಡೆಗೆ ಸೇರಿಸುವ ಗುಂಡು ಕೀಲು). ಒಬ್ಬರು ಬ್ರೇಕು ಒತ್ತಿ ಹಿಡಿಯಲಿ, ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್ ಕಡೆ ನೋಡಿ. ಎಡ ಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಟೈ ರಾಡ್ ಕಡೆಯದು. ಬಾಲ್ ಜಾಯಿಂಟ್ ಸಡಿಲವಾಗಿದೆ ಅಂತ ಖಾತ್ರಿಯಾದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಓಡಿಸಿಕೊಂಡು ಹೋಗಬೇಡಿ. ಅದು ಕಳಚಿದರೆ ಚಕ್ರ ಹೊರಕ್ಕೆ ಮಗುಚಿಕೊಳ್ಳುತ್ತದೆ.

ಆ ಬುಷ್

ಗಾಳಿ ಸರಿ ಮಾಡಿದ ಮೇಲೆ, ಆಗ ನನಗೆ ಗೊತ್ತೇ ಇರದಿದ್ದ ಆಕ್ಸಿಲರೇಟರ್ ಪರೀಕ್ಷೆ ಒಂದನ್ನು ಬಿಟ್ಟು, ನನ್ನ ಗಾಡಿಯಲ್ಲಿ ಮೇಲಿನ ಎಲ್ಲ ಪರೀಕ್ಷೆಯೂ ಪಾಸು. ಟೈ ರಾಡ್ ಗಟ್ಟಿ, ಬಾಲ್ ಜಾಯಿಂಟ್ ಗಟ್ಟಿ, ಟೈರು ಅದಲುಬದಲು ಮಾಡಿದರೂ ಎಳೆತ ಹಾಗೇ. ಕೊನೆಗೆ ಊರ ಹೊರಗಿನ ಒಂದು ಸಣ್ಣ ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ವಯಸ್ಸಾದವರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಬ್ರೇಕ್ ಹಾಕಿದ್ರೆ ಯಾವ ಕಡೆ ಹೋಗ್ತದೆ ಸಾರ್?" ಅಂತ ಒಂದೇ ಪ್ರಶ್ನೆ ಕೇಳಿದರು. "ಎಡಕ್ಕೆ" ಅಂದೆ. "ಎಕ್ಸಲೇಟರ್ ಕೊಟ್ರೆ?" ನಾನು ಯೋಚನೆ ಮಾಡಿ "ಬಲಕ್ಕೆ ಅನ್ಸುತ್ತೆ ಅಣ್ಣಾ" ಅಂದೆ. ಅವರು ಟಾಮಿ ರಾಡ್ (ಸಂದಿಗೆ ಹಾಕಿ ಮೀಟುವ ಕಬ್ಬಿಣದ ರಾಡು) ತೆಗೆದುಕೊಂಡು ಎಡಗಡೆ ಲೋವರ್ ಆರ್ಮಿನ ಹಿಂದಿನ ಬುಷ್ ಹತ್ತಿರ ಹಾಕಿದರು.

ಸುಮ್ನೆ ನೋಡಿದರೆ ಬುಷ್ ಪೂರ್ತಿಯಾಗಿಯೇ ಇತ್ತು. ಮೇಲೆ ಕೆಂಪು ಧೂಳು, ಸಣ್ಣ ಸಣ್ಣ ಬಿರುಕು. ಹತ್ತು ವರ್ಷದ ಯಾವ ರಬ್ಬರಿಗೂ ಅಷ್ಟು ಇರುತ್ತದೆ. ಅವರು ರಾಡನ್ನು ಒತ್ತಿದರು. ರಬ್ಬರು ಒಳಗಿನ ಕಬ್ಬಿಣದ ಕೊಳವೆಯಿಂದ ಬಿಟ್ಟುಕೊಂಡು ಬಾಯಿ ತೆರೆಯಿತು. ನನ್ನ ಕಿರುಬೆರಳು ಹೋಗುವಷ್ಟು ಸಂದು. ಒಳಗೆ ರಬ್ಬರು ಹೊಳೆಯುವ ಕಪ್ಪು, ಉಜ್ಜಿ ಉಜ್ಜಿ ನುಣುಪಾಗಿತ್ತು. ರಾಡು ಬಿಟ್ಟರು, ಬಾಯಿ ಮುಚ್ಚಿತು. ಮತ್ತೆ ಏನೂ ಆಗೇ ಇಲ್ಲ ಅನ್ನುವ ಹಾಗೆ. "ಇಲ್ಲಿ ನೋಡಿ ಸಾರ್, ನಿಂತಾಗ ಇದು ಹೀಗೆ ಕೂತಿರ್ತದೆ. ಮಿಷನ್ನಿಗೆ ಹೆಂಗೆ ಗೊತ್ತಾಗಬೇಕು?" ಅಂದರು. ಎರಡು ತಿಂಗಳ ಗೊಂದಲ ಅಲ್ಲಿಗೆ ತೀರಿತು.

ಹಾಗಾಗಿ ಬುಷ್ಷನ್ನು ಕಣ್ಣಿನಿಂದ ನೋಡಿ ಪಾಸು ಮಾಡಬೇಡಿ. ಉದ್ದನೆಯ ರಾಡು ಹಾಕಿ ಆರ್ಮನ್ನು ಹಿಂದೆ ಮುಂದೆ ಒತ್ತಬೇಕು, ಎಡ ಬಲ ಎರಡೂ ಕಡೆ, ಮುಂದಿನ ಬುಷ್ ಹಿಂದಿನ ಬುಷ್ ಎರಡೂ. ರಬ್ಬರು ಸ್ವಲ್ಪ ಬಳುಕುವುದು ಸಹಜ. ಕಬ್ಬಿಣದಿಂದ ಬಿಟ್ಟುಕೊಳ್ಳಬಾರದು. ಎರಡು ಬದಿಯ ಆಟದಲ್ಲಿ ವ್ಯತ್ಯಾಸ ಕಂಡರೂ ಅನುಮಾನ ಪಡಿ. ಕೆಲವು ಗಾಡಿಗಳ ಬುಷ್ ಒಳಗೆ ಎಣ್ಣೆ ತುಂಬಿರುತ್ತದೆ. ಅಂಥದ್ದರ ಕೆಳಗೆ ಒದ್ದೆ ಕಲೆ ಕಂಡರೆ ಅದರ ಆಯುಸ್ಸು ಮುಗಿದಿದೆ.

ಬುಷ್ ಬಿಡಿಯಾಗಿ ಸಿಕ್ಕರೆ ಅದನ್ನೇ ಹಾಕಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹಳೆ ಮಾದರಿಗಳಿಗೂ ಬಿಡಿಭಾಗ ಹುಡುಕಿಕೊಡುತ್ತಾರೆ. ಆದರೆ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಲು ಪ್ರೆಸ್ (ಒತ್ತುವ ಯಂತ್ರ) ಬೇಕು. ಸುತ್ತಿಗೆಯಿಂದ ಹೊಡೆದು ಕೂರಿಸಿದರೆ ಹೊಸ ರಬ್ಬರಿಗೆ ಅಲ್ಲೇ ಏಟು. ಬುಷ್ ಒಳಗೆ ಖಾಲಿ ಸಂದುಗಳಿದ್ದರೆ ಅವು ಯಾವ ದಿಕ್ಕಿಗೆ ಇದ್ದವೋ ಅದೇ ದಿಕ್ಕಿಗೆ ಬರಬೇಕು, ತೆಗೆಯುವ ಮೊದಲು ಆರ್ಮಿನ ಮೇಲೆ ಗೆರೆ ಹಾಕಿಕೊಳ್ಳಿ. ಬಾಲ್ ಜಾಯಿಂಟೂ ಹಳತಾಗಿದ್ದರೆ ಪೂರ್ತಿ ಆರ್ಮ್ ತರುವುದೇ ವಾಸಿ ಅಂತ ನನ್ನ ಅಭಿಪ್ರಾಯ. ಎರಡು ಬುಷ್, ಒಂದು ಬಾಲ್ ಜಾಯಿಂಟ್ ಕೂಡಿಯೇ ಬರುತ್ತವೆ, ಪ್ರೆಸ್ ಕೆಲಸವೂ ಇಲ್ಲ. ಎರಡೂ ಬದಿ ಒಟ್ಟಿಗೆ ಬದಲಿಸಿ. ಒಂದು ಕಡೆ ಹೊಸದು, ಒಂದು ಕಡೆ ಹಳೆಯದು ಇದ್ದರೆ ಹೊಸ ಎಳೆತ ಹುಟ್ಟುತ್ತದೆ.

ಇನ್ನೊಂದು ಮಾತು, ಇದನ್ನು ಬಹಳ ಕಡೆ ತಪ್ಪು ಮಾಡುತ್ತಾರೆ. ಅಡ್ಡ ಬೋಲ್ಟ್ ಇರುವ ಬುಷ್ಷನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗ ಪೂರ್ತಿ ಟೈಟ್ ಮಾಡಬಾರದು. ಬೋಲ್ಟ್ ಬಿಗಿದ ಕ್ಷಣಕ್ಕೆ ಒಳಗಿನ ಕೊಳವೆ ಅಲ್ಲೇ ಹಿಡಿದುಕೊಳ್ಳುತ್ತದೆ. ಆಮೇಲೆ ಗಾಡಿ ಇಳಿಸಿದರೆ ಆರ್ಮ್ ಮೇಲಕ್ಕೆ ಬರುತ್ತದೆ, ರಬ್ಬರು ತಿರುಚಿಕೊಂಡೇ ಉಳಿಯುತ್ತದೆ. ನಿಂತಲ್ಲೇ ನುಲಿದಿರುವ ರಬ್ಬರು, ಪ್ರತಿ ಗುಂಡಿಗೂ ಇನ್ನಷ್ಟು ನುಲಿಯುತ್ತದೆ. ನನ್ನ ಗಾಡಿಯ ಬಲಗಡೆ ಮುಂದಿನ ಬುಷ್ ಎಂಟೇ ತಿಂಗಳಲ್ಲಿ ಹರಿದದ್ದು ಹೀಗೆ. ಆ ಬದಿಯ ಬೋಲ್ಟನ್ನು ನೇತಾಡುವಾಗಲೇ ಬಿಗಿದುಬಿಟ್ಟಿದ್ದೆವು. ಸರಿಯಾದ ಕ್ರಮ ಅಂದರೆ, ಬೋಲ್ಟ್ ಕೈಬಿಗಿ ಮಾಡಿ, ಗಾಡಿಯನ್ನು ನೆಲಕ್ಕೆ ಇಳಿಸಿ, ಮುಂಭಾಗವನ್ನು ನಾಲ್ಕು ಸಲ ಒತ್ತಿ ಬಿಟ್ಟು, ಚಕ್ರದ ಮೇಲೆ ಭಾರ ಇರುವಾಗಲೇ ಟಾರ್ಕ್ ರೆಂಚಿನಿಂದ (ಬಿಗಿಯುವ ಬಲ ಅಳೆಯುವ ಪಾನಾ) ಬಿಗಿಯಬೇಕು. ಇಳಿಸಿದ ಮೇಲೆ ಕೈ ಹೋಗದಿದ್ದರೆ ಆರ್ಮಿನ ಕೆಳಗೆ ಜ್ಯಾಕ್ ಕೊಟ್ಟು, ಗಾಡಿ ನಿಂತಾಗ ಇರುವ ಎತ್ತರಕ್ಕೆ ಎತ್ತಿ ಬಿಗಿಯಿರಿ.

ಸ್ಪ್ರಿಂಗಿನ ನಡುವೆ ರಬ್ಬರು ತುರುಕಿದ್ದಾರಾ ನೋಡಿ

ರಸ್ತೆಯ ಹಂಪ್‌ಗಳಿಗೆ ಗಾಡಿಯ ಹೊಟ್ಟೆ ತಗಲುತ್ತದೆ ಅಂತ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ಹಾಕಿಸುವುದು ನಮ್ಮಲ್ಲಿ ಸಾಮಾನ್ಯ. ಹಳೆ ಗಾಡಿ ಕೊಂಡವರಿಗೆ ಇದು ಗೊತ್ತೇ ಇರುವುದಿಲ್ಲ. ಟಾರ್ಚ್ ಹಿಡಿದು ನಾಲ್ಕೂ ಸ್ಪ್ರಿಂಗ್ ನೋಡಿ. ಬಫರ್ ಇದ್ದರೆ ಅಷ್ಟು ಸುತ್ತು ಕೆಲಸ ಮಾಡುವುದಿಲ್ಲ, ಸ್ಪ್ರಿಂಗು ಬಿರುಸಾಗುತ್ತದೆ. ಒಂದು ಕಡೆಯದು ಕಳಚಿ ಬಿದ್ದಿದ್ದರೆ ಎಡ ಬಲದ ಎತ್ತರವೇ ಬೇರೆ. ಮುಂಭಾಗ ಜಾಸ್ತಿ ಎತ್ತರವಾದರೆ ಇನ್ನೊಂದು ತೊಂದರೆ: ಟೈ ರಾಡು ಮತ್ತು ಲೋವರ್ ಆರ್ಮ್ ಒಂದೇ ಓರೆಯಲ್ಲಿ ಇರಬೇಕಾದವು, ಬೇರೆ ಬೇರೆ ಓರೆಗೆ ಹೋಗುತ್ತವೆ. ಆಗ ಚಕ್ರ ಮೇಲೆ ಕೆಳಗೆ ಆದಾಗಲೆಲ್ಲ ತಾನೇ ತಿರುಗುತ್ತದೆ. ನೀವು ಸ್ಟೀರಿಂಗ್ ಅಲ್ಲಾಡಿಸದೆ ಹಿಡಿದಿದ್ದರೂ ಉಬ್ಬು ಬಂದಾಗ ಗಾಡಿ ದಾರಿ ಬದಲಿಸುತ್ತದೆ. ಬಫರ್ ತೆಗೆಸಿ ಒಮ್ಮೆ ಓಡಿಸಿ ನೋಡಿ. ಸ್ಪ್ರಿಂಗು ಕುಸಿದಿದೆ ಅಂತಲೇ ಅದನ್ನು ಹಾಕಿಸಿದ್ದರೆ, ಸ್ಪ್ರಿಂಗನ್ನೇ ಜೋಡಿಯಾಗಿ ಬದಲಿಸಬೇಕು.

ಎತ್ತರ ಅಳೆಯುವುದು ಸುಲಭ. ಸಮ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಕಮಾನಿನ ಅಂಚಿಗೆ ಟೇಪ್ ಹಿಡಿಯಿರಿ. ಎಡ ಬಲಕ್ಕೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮುರಿದ ಸುತ್ತೋ ಕುಸಿದ ಸ್ಪ್ರಿಂಗೋ ಇರಬಹುದು. ಸ್ಪ್ರಿಂಗು ಮುರಿಯುವುದು ಸಾಮಾನ್ಯವಾಗಿ ಕಟ್ಟಕಡೆಯ ಸುತ್ತಿನಲ್ಲಿ, ತಟ್ಟೆಯೊಳಗೆ ಅಡಗಿರುತ್ತದೆ.

ಶಾಕ್ ಅಬ್ಸಾರ್ಬರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿದ್ದರೆ ಬದಲಿಸಿ, ಜೋಡಿಯಾಗಿ. ಮೂಲೆ ಒತ್ತಿ ಬಿಡುವ ಪರೀಕ್ಷೆಯಲ್ಲಿ ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ, ಅರ್ಧ ಸತ್ತದ್ದು ಪಾಸಾಗಿಬಿಡುತ್ತದೆ.

ಹಿಂದಿನ ಬೀಮ್, ಕೆಳಗಿನ ಫ್ರೇಮ್

ಸ್ಟೀರಿಂಗ್ ಕೈಯಲ್ಲಿ ಸುಮ್ಮನಿದ್ದು, ಯಾರೋ ಹಿಂದಿನಿಂದ ಬಾಲ ಹಿಡಿದು ತಳ್ಳಿದ ಹಾಗೆ ಅನಿಸಿದರೆ ಹಿಂದಿನ ಬೀಮಿನ ಎರಡು ದೊಡ್ಡ ಬುಷ್ ನೋಡಿ. ಇವುಗಳ ಕಡೆ ಯಾರೂ ತಿರುಗಿ ನೋಡುವುದಿಲ್ಲ. ರಬ್ಬರು ಸಡಿಲವಾದರೆ ಹಿಂದಿನ ಆಕ್ಸಲ್ಲೇ ಸ್ಟೀರಿಂಗ್ ಮಾಡಲು ಶುರು ಮಾಡುತ್ತದೆ. ಇಲ್ಲೂ ಟಾಮಿ ರಾಡೇ ಪರೀಕ್ಷೆ.

ಗಾಡಿಗೆ ಕ್ಲಚ್ ಅಥವಾ ಗೇರ್‌ಬಾಕ್ಸ್ ಕೆಲಸ ಆಗಿದೆಯಾ ಅಂತ ಹಿಂದಿನ ಮಾಲೀಕರನ್ನು ಕೇಳಿ. ಕೆಲವು ಮಾದರಿಗಳಲ್ಲಿ ಆ ಕೆಲಸಕ್ಕೆ ಲೋವರ್ ಆರ್ಮುಗಳನ್ನು ಹೊತ್ತಿರುವ ಕೆಳಗಿನ ಚೌಕಟ್ಟನ್ನು, ಅಂದರೆ ಮುಂದಿನ ಸಬ್‌ಫ್ರೇಮ್ ಇಳಿಸುತ್ತಾರೆ. ವಾಪಸ್ ಕೂರಿಸುವಾಗ ಕೆಲವೇ ಮಿಲಿಮೀಟರ್ ಪಕ್ಕಕ್ಕೆ ಕೂತರೂ ಸಾಕು, ಎರಡು ಚಕ್ರದ ಕೋನಗಳು ಬೇರೆ ಬೇರೆ ಆಗುತ್ತವೆ. ಸಬ್‌ಫ್ರೇಮಿನ ಬೋಲ್ಟಿನ ಸುತ್ತ ಟಾರ್ಚ್ ಬಿಟ್ಟು ನೋಡಿ. ವಾಷರ್ ಹಿಂದೆ ಕೂತಿದ್ದ ಜಾಗದಲ್ಲಿ ಹೊಳೆಯುವ ಅರ್ಧಚಂದ್ರದಂಥ ಅಚ್ಚು ಹೊರಗೆ ಕಂಡರೆ ಫ್ರೇಮ್ ಜರುಗಿದೆ. ಬೋಲ್ಟ್ ಸಡಿಲಿಸಿ ಹಳೆ ಅಚ್ಚಿಗೆ ಕೂರಿಸಿ ಬಿಗಿಯುವುದು ಗ್ಯಾರೇಜಿನವರ ಕೆಲಸ. ಅರ್ಧ ದಿನದ್ದು.

ಈಗ ಅಲೈನ್ಮೆಂಟ್

ಸಡಿಲವಾದದ್ದೆಲ್ಲ ಬದಲಾಗಿ, ಗಾಳಿ ಸರಿಯಾದ ಮೇಲೆ ಅಲೈನ್ಮೆಂಟ್‌ಗೆ ಹೋಗಿ. ನಾಲ್ಕೂ ಚಕ್ರದ ಅಳತೆ ತೋರಿಸುವ ಯಂತ್ರ ಇರುವ ಕಡೆಯೇ ಹೋಗಿ, ಪ್ರಿಂಟ್ ಕೇಳಿ ಪಡೆಯಿರಿ. ಹಸಿರು ಕೆಂಪು ಬಣ್ಣ ನೋಡುವುದಕ್ಕಿಂತ ಎಡ ಬಲದ ಅಂಕಿಗಳನ್ನು ಪಕ್ಕಪಕ್ಕ ಓದಿ. ಹಸಿರು ವ್ಯಾಪ್ತಿ ಅಗಲವಾಗಿರುತ್ತದೆ. ಎಡಗಡೆ ಅದರ ಒಂದು ತುದಿಯಲ್ಲಿ, ಬಲಗಡೆ ಇನ್ನೊಂದು ತುದಿಯಲ್ಲಿ ಇದ್ದರೂ ಎರಡೂ ಹಸಿರೇ, ಗಾಡಿ ಮಾತ್ರ ಎಳೆಯುತ್ತದೆ.

ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಗಾಡಿ ಎಳೆಯುತ್ತದೆ. ಕ್ಯಾಂಬರ್ ಹೆಚ್ಚು ಪಾಸಿಟಿವ್ ಇರುವ ಕಡೆಗೆ, ಅಂದರೆ ಚಕ್ರದ ತಲೆ ಹೊರಕ್ಕೆ ವಾಲಿರುವ ಕಡೆಗೆ ಎಳೆಯುತ್ತದೆ. ಎಡ ಬಲಕ್ಕೆ ಅರ್ಧ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕಾರಣ ಹುಡುಕಲೇಬೇಕು. ಬಹಳಷ್ಟು ಸಣ್ಣ ಕಾರುಗಳಲ್ಲಿ ಕ್ಯಾಸ್ಟರನ್ನು ಹೊಂದಿಸುವ ವ್ಯವಸ್ಥೆಯೇ ಇಲ್ಲ. ಅದು ತಪ್ಪಿದ್ದರೆ ಏನೋ ಬಾಗಿದೆ ಅಥವಾ ಜರುಗಿದೆ: ಆರ್ಮ್, ಸ್ಟ್ರಟ್, ಸಬ್‌ಫ್ರೇಮ್, ಇಲ್ಲವೇ ಅಪಘಾತದಲ್ಲಿ ಬಾಡಿಯೇ. "ಅಡ್ಜಸ್ಟ್ ಮಾಡಿಕೊಡುತ್ತೇವೆ" ಅಂದರೆ ಏನನ್ನು ಅಂತ ಕೇಳಿ.

ಮುಂದಿನ ಟೋ ಹೊರಕ್ಕೆ ತೆರೆದಿದ್ದರೆ ಗಾಡಿ ಓಲಾಡುತ್ತದೆ. ಟೋ ಒಂದರಿಂದ ಮಾತ್ರ ಸ್ಥಿರವಾದ ಎಳೆತ ಬರುವುದು ಅಪರೂಪ, ಸ್ಟೀರಿಂಗ್ ವಾರೆಯಾಗಿ ಕೂರುತ್ತದೆ ಅಷ್ಟೇ. ಹಿಂದಿನ ಚಕ್ರಗಳ ಅಂಕಿಯನ್ನೂ ಓದಿ. ಹಿಂದಿನ ಬೀಮ್ ವಾರೆಯಾಗಿದ್ದರೆ ನಿಮ್ಮ ಗಾಡಿ ಏಡಿಯ ಹಾಗೆ ಪಕ್ಕಕ್ಕೆ ನಡೆಯುತ್ತಿರುತ್ತದೆ. ಹಿಂದೆ ಬರುವ ಸ್ನೇಹಿತರಿಗೆ ಅದು ಕಣ್ಣಿಗೇ ಕಾಣುತ್ತದೆ.

ಎಲೆಕ್ಟ್ರಿಕ್ ಸ್ಟೀರಿಂಗ್ ಇರುವ ಗಾಡಿಯಲ್ಲಿ ಇನ್ನೊಂದು ಪರೀಕ್ಷೆ ಬಾಕಿ ಇರಲಿ. ಮುಂದಿನ ಎರಡೂ ಚಕ್ರ ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಸ್ಟೀರಿಂಗ್ ನಡುವಿಗೆ ಇಟ್ಟು ಎಂಜಿನ್ ಚಾಲೂ ಮಾಡಿ. ಕೈ ತಾಗಿಸದೆ ಸ್ಟೀರಿಂಗ್ ತಾನೇ ಒಂದು ಕಡೆಗೆ ತಿರುಗಿದರೆ ದೋಷ ಟಾರ್ಕ್ ಸೆನ್ಸರಿನದು (ಸ್ಟೀರಿಂಗಿಗೆ ಕೈ ಕೊಡುವ ಬಲ ಅಳೆಯುವ ಭಾಗ) ಇರಬಹುದು. ಸ್ಕ್ಯಾನರ್ ಇರುವವರ ಹತ್ತಿರ ಶೂನ್ಯ ಬಿಂದು ಹೊಂದಿಸಬೇಕು.

ಕೆಲಸ ಮುಗಿದ ಮೇಲೆ, ಮೊದಲು ಯಾವ ರಸ್ತೆಯಲ್ಲಿ ತೊಂದರೆ ಕಂಡಿತ್ತೋ ಅದೇ ರಸ್ತೆಗೆ ಹೋಗಿ. ನುಣ್ಣನೆ ರಸ್ತೆಯಲ್ಲಿ ನೋಡಿ ಒಪ್ಪಿಕೊಳ್ಳಬೇಡಿ. ನಾನು ಮತ್ತೆ ಬೇಲೂರಿನ ದಾರಿ ಹಿಡಿದೆ. ಅದೇ ತೇಪೆಗಳು. ಚಕ್ರ ಹತ್ತಿ ಇಳಿಯುವ ಸದ್ದು ಕೇಳಿಸುತ್ತಿತ್ತು, ಸ್ಟೀರಿಂಗ್ ಮಾತ್ರ ಕೈಯಲ್ಲಿ ನೆಟ್ಟಗೆ ನಿಂತಿತ್ತು. ಲಾರಿ ತಗ್ಗಿನಲ್ಲಿ ಇನ್ನೂ ಸ್ವಲ್ಪ ಸೆಳೆತ ಇತ್ತು. ಅದು ಸವೆದ ಟೈರಿನದು, ಹೊಸದು ಹಾಕಿದ ಮೇಲೆ ಅದೂ ಹೋಯಿತು. 500 ಕಿಲೋಮೀಟರ್ ಆದ ಮೇಲೆ ಬಿಚ್ಚಿ ಹಾಕಿದ ಬೋಲ್ಟುಗಳಿಗೆಲ್ಲ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿಸಿ. ಬಾಲ್ ಜಾಯಿಂಟಿನ ಹಳೆ ಸ್ಪ್ಲಿಟ್ ಪಿನ್ (ನಟ್ಟು ಕಳಚದ ಹಾಗೆ ತಡೆಯುವ ಪಿನ್ನು) ವಾಪಸ್ ಹಾಕಿದ್ದರೆ ಅದೇ ದಿನ ತೆಗೆದು ಹೊಸದು ಹಾಕಿಸಿಕೊಳ್ಳಿ.